ನಿಮ್ಮ ಅನುಭವ ಹೇಳಿ ಓದುಗರನ್ನು ಒಪ್ಪಿಸುವುದು ಹೇಗೆ? ಒಂದು ಸಮಗ್ರ ಮಾರ್ಗದರ್ಶಿ

ಓದುಗರಿಗೆ ವಿಷಯ ಗೊತ್ತಿರುತ್ತದೆ. ಆದರೆ ಅದು ಅವರಿಗೆ ತಟ್ಟಿರುವುದಿಲ್ಲ. ಜನರ ಮನಸ್ಸು ಬದಲಿಸಲು ಬರೆಯುವವರಿಗೆ ಹೆಚ್ಚಾಗಿ ಎದುರಾಗುವ ತೊಂದರೆ ಇದೇ. ಗೊತ್ತಿಲ್ಲದವರಿಗೆ ತಿಳಿಸುವುದು ಸುಲಭ. ಗೊತ್ತಿದ್ದೂ ಸುಮ್ಮನಿರುವವರನ್ನು ಅಲುಗಾಡಿಸುವುದು ಕಷ್ಟ.

1930ರ ದಶಕದ ಮಧ್ಯದಲ್ಲಿ ಡಾ. ಬಿ.ಆರ್. ಅಂಬೇಡ್ಕರ್ ಈ ತೊಂದರೆಗೆ ಒಂದು ಉತ್ತರ ಕಂಡುಕೊಂಡರು. ‘ವೇಟಿಂಗ್ ಫಾರ್ ಎ ವೀಸಾ’ ಎಂಬ ಚಿಕ್ಕ ಬರಹ ಅದು. ಅವರು ತೀರಿಕೊಂಡು ಎಷ್ಟೋ ವರ್ಷಗಳಾದ ಮೇಲೆ, 1990ರಲ್ಲಿ, ಪುಸ್ತಕವಾಗಿ ಬಂತು. ತಾನು ಏನು ಮಾಡಲು ಹೊರಟಿದ್ದೇನೆ ಎಂದು ಅವರು ಶುರುವಿನಲ್ಲೇ ಹೇಳಿಬಿಡುತ್ತಾರೆ. ಅಸ್ಪೃಶ್ಯತೆ ಇದೆ ಎಂದು ಹೊರದೇಶದವರಿಗೆ ಗೊತ್ತು. ಆದರೆ ಅವರು ಅದರ ಪಕ್ಕದಲ್ಲಿ ಬದುಕುತ್ತಿಲ್ಲ, ಹಾಗಾಗಿ ಅದು ಎಷ್ಟು ಹಿಂಸೆ ಕೊಡುತ್ತದೆ ಎಂದು ಅವರಿಗೆ ಅರ್ಥವಾಗುವುದಿಲ್ಲ. ಅರ್ಥ ಮಾಡಿಸಲು ಎರಡು ದಾರಿ ಇವೆ. ಒಂದು, ಒಟ್ಟಾರೆ ವಿವರಣೆ. ಇನ್ನೊಂದು, ನಡೆದ ಘಟನೆಗಳು. ಎರಡನೆಯದೇ ಹೆಚ್ಚು ಪರಿಣಾಮಕಾರಿ ಎಂದು ಅವರು ಅದನ್ನೇ ಹಿಡಿದರು.

ಇದನ್ನು ಮಾಡಿದವರು ಯಾರು ನೋಡಿ. ಅರ್ಥಶಾಸ್ತ್ರದಲ್ಲಿ ಎರಡು ದೇಶಗಳಲ್ಲಿ ಓದಿದವರು, ಬ್ಯಾರಿಸ್ಟರ್, ಅಂಕಿಅಂಶ ಇಟ್ಟು ವಾದ ಮಂಡಿಸುವುದರಲ್ಲಿ ಪಳಗಿದವರು. ಅಂಥವರು ಬೇಕೆಂದೇ ಘಟನೆ ಹೇಳುವ ದಾರಿ ಆರಿಸಿಕೊಂಡರು. ಆ ಆಯ್ಕೆಯನ್ನು ಹತ್ತಿರದಿಂದ ನೋಡಿದರೆ ನಮಗೆ ಕಲಿಯಲು ಬಹಳ ಇದೆ. ಈ ಮಾರ್ಗದರ್ಶಿಯಲ್ಲಿ ಅವರ ಬರಹಕ್ಕೆ ಮತ್ತೆ ಮತ್ತೆ ಬರುತ್ತೇನೆ. ಜೊತೆಗೆ ನಮ್ಮ ನಿಮ್ಮಂಥವರು ಬರೆಯುವ ಒಂದು ಸಾಮಾನ್ಯ ಪತ್ರವನ್ನೂ ಹಂತ ಹಂತವಾಗಿ ಕಟ್ಟೋಣ.

ಹೆಜ್ಜೆ 1: ಓದುಗರ ‘ಆದರೆ’ ಯಾವುದು ಎಂದು ಹುಡುಕಿ

ಅನುಭವವನ್ನು ನೆನಪಿಸಿಕೊಳ್ಳುವುದಕ್ಕೂ ಮೊದಲು ಮಾಡಬೇಕಾದ ಕೆಲಸ ಇದು. ಬಹಳ ಜನ ಇದನ್ನು ಹಾರಿಸಿಬಿಡುತ್ತಾರೆ.

ನಾನು ಕಟ್ಟಿಕೊಂಡ ಒಂದು ಉದಾಹರಣೆ ತಗೊಳ್ಳೋಣ. ನಿಮ್ಮ ಊರಿಗೆ ಬರುತ್ತಿದ್ದ ರಾತ್ರಿ ಎಂಟೂವರೆಯ ಕೊನೇ ಬಸ್ಸನ್ನು ನಿಲ್ಲಿಸಿದ್ದಾರೆ. ಮತ್ತೆ ಶುರು ಮಾಡಿ ಎಂದು ನೀವು ಡಿಪೊ ಮ್ಯಾನೇಜರಿಗೆ ಪತ್ರ ಬರೆಯಬೇಕು. ಮನಸ್ಸಿಗೆ ಮೊದಲು ಬರುವ ಪ್ರಸಂಗ ಯಾವುದು? ತಂಗಿ ಹೊಲಿಗೆ ಕ್ಲಾಸ್ ಮುಗಿಸಿ ಕತ್ತಲಲ್ಲಿ ನಡೆದು ಬಂದದ್ದು. ನಾಯಿ ಅಟ್ಟಿಸಿಕೊಂಡು ಬಂದದ್ದು. ಮನೆಯಲ್ಲಿ ಅಮ್ಮ ಊಟ ಮಾಡದೆ ಕಾದದ್ದು. ಎಲ್ಲ ನಿಜವೇ, ಓದಿದರೆ ಕರುಳು ಚುರುಕ್ ಅನ್ನುತ್ತದೆ. ಮ್ಯಾನೇಜರೂ ‘ಪಾಪ’ ಅನ್ನುತ್ತಾರೆ. ಆಮೇಲೆ ಪತ್ರ ಪಕ್ಕಕ್ಕಿಡುತ್ತಾರೆ. ಯಾಕೆಂದರೆ ಅವರ ‘ಆದರೆ’ ಬೇರೆಯೇ ಇದೆ. “ನೀವು ಹೇಳೋದೆಲ್ಲ ಸರಿ, ಆದರೆ ಆ ಟ್ರಿಪ್ಪಿಗೆ ಕಲೆಕ್ಷನ್ ಇಲ್ಲ.”

ತಂಗಿಯ ಪ್ರಸಂಗ ಕಲೆಕ್ಷನ್ ಬಗ್ಗೆ ಒಂದು ಮಾತೂ ಆಡುವುದಿಲ್ಲ.

ಇದೇ ವಿಷಯವನ್ನು ನೀವು ಪತ್ರಿಕೆಯ ಓದುಗರ ಅಂಕಣಕ್ಕೆ ಬರೆಯುತ್ತೀರಿ ಎಂದುಕೊಳ್ಳಿ. ಅಲ್ಲಿ ಓದುವವರ ‘ಆದರೆ’ ಇನ್ನೊಂದು. “ಈಗ ಎಲ್ಲರ ಮನೇಲೂ ಬೈಕ್ ಇದೆಯಲ್ಲ, ಬಸ್ ಯಾರಿಗೆ ಬೇಕು?” ಅವರಿಗೆ ತಂಗಿಯ ಪ್ರಸಂಗ ಸರಿಯಾಗಿ ಹೊಂದುತ್ತದೆ. ವಿಷಯ ಒಂದೇ, ಬರೆಯುವವರೂ ಒಬ್ಬರೇ. ಓದುಗರು ಬದಲಾದರೆ ಪ್ರಸಂಗವೂ ಬದಲಾಗಬೇಕು.

ಹಾಗಾಗಿ ಒಂದು ಹಾಳೆ ತಗೊಂಡು ಮೇಲೆ ಹೀಗೆ ಬರೆಯಿರಿ: “ನೀವು ಹೇಳೋದೇನೋ ಸರಿ, ಆದರೆ...” ಉಳಿದದ್ದನ್ನು ಓದುಗರ ಬಾಯಲ್ಲಿ, ಅವರ ಧಾಟಿಯಲ್ಲೇ ತುಂಬಿಸಿ. “ಅವರಿಗೆ ಜನರ ಕಾಳಜಿಯೇ ಇಲ್ಲ” ಎಂದು ಬರೆದರೆ ಅದು ಅವರ ಆಕ್ಷೇಪ ಅಲ್ಲ, ಅವರ ಮೇಲೆ ನಿಮಗಿರುವ ಸಿಟ್ಟು. ಅಳಿಸಿ. ಗೊತ್ತಾಗದಿದ್ದರೆ ಕೇಳಿ. ಆ ರೂಟಿನ ಕಂಡಕ್ಟರ್ ಹತ್ತಿರ ಒಂದು ಲೋಟ ಚಹಾ ಕುಡಿಯುತ್ತಾ ಮಾತಾಡಿದರೆ ಮ್ಯಾನೇಜರ್ ತಲೆಯಲ್ಲಿ ಏನಿದೆ ಎಂದು ತಿಳಿದುಬಿಡುತ್ತದೆ.

ಹೆಜ್ಜೆ 2: ಆ ‘ಆದರೆ’ಗೆ ಉತ್ತರ ಆಗುವ ಪ್ರಸಂಗವನ್ನೇ ಆರಿಸಿ

ಇಡೀ ಕೆಲಸದಲ್ಲಿ ಇದೇ ಮುಖ್ಯ. ನಿಮ್ಮ ಬದುಕಿನ ದೊಡ್ಡ ನೋವು ಯಾವುದು ಎಂಬುದನ್ನು ಇಲ್ಲಿ ಲೆಕ್ಕ ಹಾಕಬೇಡಿ. ಓದುಗರು ತಪ್ಪಿಸಿಕೊಂಡು ಹೋಗಬಹುದಾದ ಬಾಗಿಲು ಯಾವುದು, ಅದನ್ನು ಯಾವ ಪ್ರಸಂಗ ಮುಚ್ಚುತ್ತದೆ ಎಂದು ನೋಡಿ.

ಅಂಬೇಡ್ಕರ್ ಆರಿಸಿದ ಪ್ರಸಂಗಗಳನ್ನು ಈ ಕಣ್ಣಿನಿಂದ ಓದಿ ನೋಡಿ.

ಮೊದಲನೆಯದು 1901ರ ಸುಮಾರಿನದು. ತಂದೆ ಬೇರೆ ಊರಲ್ಲಿ ಕ್ಯಾಷಿಯರ್ ಆಗಿದ್ದರು. ಬರಗಾಲದ ಜನರಿಗೆ ಕೆಲಸ ಕೊಡಲು ಸರ್ಕಾರ ಅಲ್ಲಿ ಕೆರೆ ತೋಡಿಸುತ್ತಿತ್ತು. ಸಾತಾರಾದಲ್ಲಿದ್ದ ಪುಟ್ಟ ಅಂಬೇಡ್ಕರ್ ಮತ್ತು ಮನೆಯ ಬೇರೆ ಮಕ್ಕಳು ಬೇಸಿಗೆ ರಜೆಗೆ ತಂದೆಯ ಹತ್ತಿರ ಹೊರಟರು. ಹೊಸ ಅಂಗಿ, ಮಿನುಗುವ ಟೋಪಿ, ಹೊಸ ಬೂಟು, ರೇಷ್ಮೆ ಅಂಚಿನ ಪಂಚೆ. ಮಸೂರ್ ಸ್ಟೇಷನ್ನಿನಲ್ಲಿ ಇಳಿದರೆ ಕರೆದುಕೊಂಡು ಹೋಗಲು ಯಾರೂ ಬಂದಿರಲಿಲ್ಲ. ಸ್ಟೇಷನ್ ಮಾಸ್ಟರ್ ಬಂದು ವಿಚಾರಿಸಿದರು. ಬಟ್ಟೆ ನೋಡಿ ಬ್ರಾಹ್ಮಣರ ಮಕ್ಕಳು ಎಂದುಕೊಂಡಿದ್ದವರು, ಅಸ್ಪೃಶ್ಯರೆನಿಸಿಕೊಂಡ ಮಹಾರರು ಎಂದು ತಿಳಿದ ಕೂಡಲೇ ಮುಖ ಬದಲಿಸಿ ಹೊರಟುಹೋದರು. ಎತ್ತಿನ ಗಾಡಿಯವರು ಯಾರೂ ಒಪ್ಪಲಿಲ್ಲ. ಕೊನೆಗೆ ಒಬ್ಬ ಒಪ್ಪಿದ. ಬಾಡಿಗೆ ದುಪ್ಪಟ್ಟು, ಗಾಡಿ ಹೊಡೆಯುವುದು ಮಕ್ಕಳೇ, ಅವನು ಪಕ್ಕದಲ್ಲಿ ನಡೆದು ಬರುತ್ತಾನೆ. ಬುತ್ತಿ ಇತ್ತು. ನೀರು ಮಾತ್ರ ರಾತ್ರಿಯಿಡೀ ಸಿಗಲಿಲ್ಲ.

ಈ ಪ್ರಸಂಗ ಎಷ್ಟು ಬಾಗಿಲು ಮುಚ್ಚಿತು? “ಅವರು ಕೊಳಕಾಗಿರ್ತಾರೆ, ಅದಕ್ಕೇ ದೂರ ಇಡ್ತಾರೆ” ಅನ್ನುವಂತಿಲ್ಲ, ಮಕ್ಕಳು ಹೊಸ ಬಟ್ಟೆಯಲ್ಲಿದ್ದರು. “ಬಡತನದ ಸಮಸ್ಯೆ” ಅನ್ನುವಂತಿಲ್ಲ, ದುಪ್ಪಟ್ಟು ದುಡ್ಡು ಕೈಯಲ್ಲಿತ್ತು. “ಅವರೇನೋ ತಪ್ಪು ಮಾಡಿರಬೇಕು” ಅನ್ನುವಂತೆಯೂ ಇಲ್ಲ, ಒಂಬತ್ತು ವರ್ಷದ ಮಗು ಏನು ತಪ್ಪು ಮಾಡೀತು?

ಓದುಗರಿಗೆ ಇನ್ನೂ ಒಂದು ದಾರಿ ಉಳಿದಿದೆ. “ಓದಿ ಮುಂದೆ ಬಂದರೆ ಸರಿಹೋಗುತ್ತೆ.” ಎರಡನೇ ಪ್ರಸಂಗ ಅದಕ್ಕೆ. ಅಮೆರಿಕ, ಇಂಗ್ಲೆಂಡಿನಲ್ಲಿ ಓದಿ ಬಂದ ಅಂಬೇಡ್ಕರ್ ಬರೋಡಾದಲ್ಲಿ ಕೆಲಸಕ್ಕೆ ಸೇರಲು ಹೋಗುತ್ತಾರೆ. ಉಳಿಯಲು ಮನೆ ಸಿಗುವುದಿಲ್ಲ. ಪಾರ್ಸಿಗಳ ವಸತಿಗೃಹದಲ್ಲಿ ಪಾರ್ಸಿ ಹೆಸರು ಬರೆಸಿ ಉಳಿಯುತ್ತಾರೆ. ಹನ್ನೊಂದನೇ ದಿನ ಹತ್ತು ಹನ್ನೆರಡು ಪಾರ್ಸಿಗಳು ದೊಣ್ಣೆ ಹಿಡಿದು ಬಂದು ಹೊರಗೆ ಹಾಕುತ್ತಾರೆ. ಆ ಸಂಜೆ ರೈಲಿನ ಹೊತ್ತಾಗುವವರೆಗೆ ಅವರು ಕೂತದ್ದು ಸಾರ್ವಜನಿಕ ಉದ್ಯಾನವೊಂದರಲ್ಲಿ. ಓದು ಕಾಪಾಡಲಿಲ್ಲ. “ಇದು ಹಿಂದೂಗಳೊಳಗಿನ ವಿಷಯ” ಎಂಬ ಬಾಗಿಲೂ ಇಲ್ಲೇ ಮುಚ್ಚಿತು. 1934ರ ದೌಲತಾಬಾದ್ ಕೋಟೆಯ ಪ್ರಸಂಗ ಅದನ್ನು ಇನ್ನೂ ಗಟ್ಟಿ ಮಾಡುತ್ತದೆ. ಅಲ್ಲಿ ತೊಟ್ಟಿಯ ನೀರಲ್ಲಿ ಮುಖ, ಕಾಲು ತೊಳೆದದ್ದಕ್ಕೆ ಕೂಗಾಡಿದವರು ಮುಸ್ಲಿಮರು.

1929ರ ಚಾಲೀಸ್‌ಗಾಂವ್ ಪ್ರಸಂಗ ನನಗೆ ಬಹಳ ಮುಖ್ಯ ಅನಿಸುತ್ತದೆ. ಆಗ ಅವರು ಸರ್ಕಾರ ನೇಮಿಸಿದ ಸಮಿತಿಯ ಸದಸ್ಯರು. ಅಂಥವರನ್ನು ಕೂರಿಸಿಕೊಂಡು ಟಾಂಗಾ ಓಡಿಸಲು ಟಾಂಗಾವಾಲಾಗಳು ಒಪ್ಪಲಿಲ್ಲ. ಅತಿಥಿ ನಡೆದು ಬರಬಾರದು ಎಂದು ಕೇರಿಯ ಜನ ಟಾಂಗಾ ಬಾಡಿಗೆಗೆ ತಂದು, ಓಡಿಸಿ ಗೊತ್ತಿಲ್ಲದ ತಮ್ಮವನೊಬ್ಬನ ಕೈಗೆ ಕೊಟ್ಟರು. ಮೋರಿಯ ಹತ್ತಿರ ಅವರು ಟಾಂಗಾದಿಂದ ಕಲ್ಲಿನ ಮೇಲೆ ಬಿದ್ದರು. ಕಾಲಿನ ಮೂಳೆ ಮುರಿಯಿತು. ಇಲ್ಲಿ ಮುಚ್ಚಿದ ಬಾಗಿಲು “ಅಧಿಕಾರ, ಸ್ಥಾನಮಾನ ಬಂದರೆ ಸಾಕು” ಎಂಬುದು.

ಅಂದರೆ ಇವು ಸುಮ್ನೆ ನೆನಪಾದ ಕ್ರಮದಲ್ಲಿ ಬಂದ ನೋವುಗಳಲ್ಲ. ಒಂದೊಂದು ಪ್ರಸಂಗ ಒಂದೊಂದು ನೆಪಕ್ಕೆ ಉತ್ತರ. ಬರಹ ಮುಗಿಯುವ ಹೊತ್ತಿಗೆ ಓದುಗರ ಹತ್ತಿರ ನೆಪಗಳೇ ಉಳಿದಿರುವುದಿಲ್ಲ. ಇದು ನಾನು ಅವರ ಬರಹದಲ್ಲಿ ಕಂಡುಕೊಂಡದ್ದು, ಅವರು ಹೀಗೆಂದು ಎಲ್ಲೂ ಪಟ್ಟಿ ಹಾಕಿಲ್ಲ. ಆದರೆ ಮನವೊಲಿಸುವ ಬರಹಕ್ಕೆ ಇದಕ್ಕಿಂತ ಒಳ್ಳೆಯ ಪಾಠ ನನಗೆ ಸಿಕ್ಕಿಲ್ಲ.

ಈಗ ನಮ್ಮ ಬಸ್ಸಿಗೆ ಬರೋಣ. ಆಕ್ಷೇಪ ಕಲೆಕ್ಷನ್. ಹಾಗಾದರೆ ಯಾವ ಅನುಭವ ಕಲೆಕ್ಷನ್ ಬಗ್ಗೆ ಮಾತಾಡುತ್ತದೆ? ಯೋಚಿಸಿದರೆ ಸಿಗುತ್ತದೆ. ರಾತ್ರಿ ಬಸ್ಸು ನಿಂತ ಮೇಲೆ ನೀವು ತಿಂಗಳ ಪಾಸ್ ಮಾಡಿಸುವುದನ್ನೇ ಬಿಟ್ಟಿರಿ. ವಾಪಸ್ ಬರಲು ಗ್ಯಾರಂಟಿ ಇಲ್ಲದ ಮೇಲೆ ಬೆಳಿಗ್ಗೆ ಬಸ್ಸಿಗೆ ಹೋಗಿ ಏನು ಮಾಡುವುದು? ಕಂತಿನ ಮೇಲೆ ಸ್ಕೂಟರ್ ತಗೊಂಡಿರಿ. ಹಾಗಾಗಿ ಬೆಳಗಿನ ಬಸ್ಸಿನ ಕಲೆಕ್ಷನ್ನೂ ಕಡಿಮೆ ಆಗಿದೆ. ಇದರಲ್ಲಿ ಕಣ್ಣೀರಿಲ್ಲ. ಆದರೆ ಮ್ಯಾನೇಜರ್ ಪತ್ರವನ್ನು ಎರಡನೇ ಸಲ ಓದುತ್ತಾರೆ.

ಹೆಜ್ಜೆ 3: ಒಂದೇ ದಿನಕ್ಕೆ, ಒಂದೇ ಜಾಗಕ್ಕೆ ಇಳಿಯಿರಿ

“ನಾವು ವರ್ಷಗಟ್ಟಲೆ ಕಷ್ಟಪಟ್ಟಿದ್ದೇವೆ” ಎಂಬುದು ಪ್ರಸಂಗ ಅಲ್ಲ, ಅದು ಸಾರಾಂಶ. ಪ್ರಸಂಗ ಅಂದರೆ ಯಾವುದೋ ಒಂದು ದಿನ, ಒಂದು ಜಾಗ, ಅಲ್ಲಿ ಇಬ್ಬರೋ ಮೂವರೋ ಜನ, ಏನೋ ಒಂದು ನಡೆದು ಮೊದಲಿದ್ದ ಹಾಗೆ ಇಲ್ಲದಂತಾಗುವುದು.

ಅಮೆರಿಕದ ಭಾಷಾವಿಜ್ಞಾನಿ ವಿಲಿಯಂ ಲಬೋವ್ ಜನ ತಮ್ಮ ಅನುಭವಗಳನ್ನು ಹೇಗೆ ಹೇಳುತ್ತಾರೆ ಎಂದು 1960ರ ದಶಕದಲ್ಲಿ ಗಮನಿಸಿದರು. ಎಲ್ಲಿ, ಯಾವಾಗ, ಯಾರು ಎಂದು ಮೊದಲು ಹೇಳುತ್ತಾರೆ. ಆಮೇಲೆ ಒಂದರ ಹಿಂದೆ ಒಂದು ನಡೆದದ್ದು. ಕೊನೆಗೆ ಏನಾಯಿತು. ಇವುಗಳ ಜೊತೆ ಇನ್ನೊಂದು ಅಂಶ ಇರುತ್ತದೆ, ಅದು ಇಲ್ಲದಿದ್ದರೆ ಕೇಳುವವರು “ಸರಿ, ಏನೀಗ?” ಅನ್ನುತ್ತಾರೆ. ಈ ಪ್ರಸಂಗ ಹೇಳಲು ಯಾಕೆ ಯೋಗ್ಯ ಎಂದು ತೋರಿಸುವ ಅಂಶ ಅದು. ಡ್ರಾಫ್ಟ್ ಬರೆದ ಮೇಲೆ ಪ್ರತಿ ಪ್ಯಾರಾದ ಪಕ್ಕದಲ್ಲಿ “ಏನೀಗ?” ಎಂದು ಪೆನ್ಸಿಲ್‌ನಲ್ಲಿ ಬರೆದು ನೋಡಿ. ಉತ್ತರ ಸಿಗದ ಪ್ಯಾರಾ ಹೋಗಲಿ.

ಹಿನ್ನೆಲೆ ಎಷ್ಟು ಬೇಕು? ಎರಡು ವಾಕ್ಯ ಸಾಕು. ನಿಮ್ಮ ಓದು, ಕೆಲಸ, ಆ ಊರಿಗೆ ಬಂದ ಕಾರಣ, ಇವೆಲ್ಲ ಓದುಗರಿಗೆ ಬೇಡ. ಎಂಟೂವರೆ ಬಸ್ಸಿಗೆ ಯಾಕೆ ಹತ್ತುತ್ತಿದ್ದಿರಿ ಎಂಬುದು ಬೇಕು, ಅಷ್ಟೇ.

ಹೆಜ್ಜೆ 4: ಕೆಲಸ ಮಾಡುವ ವಿವರವನ್ನು ಮಾತ್ರ ಉಳಿಸಿ

ವಿವರ ಜಾಸ್ತಿ ಇದ್ದಷ್ಟೂ ಒಳ್ಳೆಯದು ಎಂಬ ನಂಬಿಕೆ ಇದೆ. ಅದು ಸರಿ ಅಲ್ಲ. ಮಸೂರ್ ಸ್ಟೇಷನ್ನಿನ ಪ್ರಸಂಗದಲ್ಲಿ ಹೊಸ ಅಂಗಿ, ಬೂಟುಗಳ ವಿವರ ಅಲಂಕಾರಕ್ಕೆ ಬಂದದ್ದಲ್ಲ. ಸ್ಟೇಷನ್ ಮಾಸ್ಟರರ ಮುಖ ಬದಲಾದದ್ದಕ್ಕೆ ಕಾರಣ ಬಟ್ಟೆ ಅಲ್ಲ ಎಂದು ಸಾಬೀತು ಮಾಡಲು ಬಂದದ್ದು. ಆ ಬಟ್ಟೆಯ ವಿವರ ತೆಗೆದರೆ ಇಡೀ ವಾದ ಸಡಿಲವಾಗುತ್ತದೆ.

ಗಾಂಧೀಜಿ 1893ರಲ್ಲಿ ದಕ್ಷಿಣ ಆಫ್ರಿಕಾದ ಪೀಟರ್‌ಮಾರಿಟ್ಜ್‌ಬರ್ಗ್ ಸ್ಟೇಷನ್ನಿನಲ್ಲಿ ರೈಲಿನಿಂದ ಹೊರದೂಡಿಸಿಕೊಂಡದ್ದು ನಮಗೆಲ್ಲ ಗೊತ್ತು. ಆತ್ಮಕತೆಯಲ್ಲಿ ಅವರು ಅದನ್ನು ಹೇಳುವಾಗ ಒಂದು ಚಿಕ್ಕ ವಿವರ ಇದೆ. ಅವತ್ತು ವಿಪರೀತ ಚಳಿ. ಅವರ ಓವರ್‌ಕೋಟ್ ಲಗೇಜಿನಲ್ಲಿತ್ತು. ಲಗೇಜು ರೈಲ್ವೆಯವರ ಹತ್ತಿರ ಇತ್ತು. ಕೇಳಿದರೆ ಮತ್ತೆ ಎಲ್ಲಿ ಅವಮಾನ ಮಾಡುತ್ತಾರೋ ಎಂದು ಅವರು ಕೇಳಲಿಲ್ಲ, ನಡುಗುತ್ತಾ ಕೂತರು. ಹೊರದೂಡಿದ್ದು ಅನ್ಯಾಯ ಎಂದು ಯಾರಾದರೂ ಹೇಳಬಹುದು. ಆದರೆ ಅವಮಾನ ಒಬ್ಬ ಬ್ಯಾರಿಸ್ಟರನ್ನು ತನ್ನದೇ ಕೋಟು ಕೇಳಲೂ ಹಿಂಜರಿಯುವ ಹಾಗೆ ಮಾಡುತ್ತದೆ ಎಂಬುದು ಆ ಕೋಟಿನಿಂದಲೇ ತಿಳಿಯುವುದು.

ಹೀಗಾಗಿ ಪ್ರತಿ ವಿವರಕ್ಕೂ ಒಂದೇ ಪ್ರಶ್ನೆ ಕೇಳಿ: ಇದನ್ನು ತೆಗೆದರೆ ವಾದಕ್ಕೆ ನಷ್ಟ ಆಗುತ್ತಾ? ಆಗದಿದ್ದರೆ, ಎಷ್ಟೇ ಚೆಂದ ಇದ್ದರೂ, ತೆಗೆಯಿರಿ. ಸಂಜೆಯ ಆಕಾಶದ ಬಣ್ಣ ಮೊದಲು ಹೋಗುತ್ತದೆ. ಹಳೇ ಪಾಸ್ ನಂಬರ್ ಉಳಿಯುತ್ತದೆ.

ಹೆಜ್ಜೆ 5: ಭಾವನೆಯ ಹೆಸರು ಹೇಳಬೇಡಿ

“ನನಗೆ ತುಂಬಾ ನೋವಾಯಿತು”, “ಹೃದಯ ಒಡೆದುಹೋಯಿತು” ಎಂದು ಬರೆದ ಕೂಡಲೇ ಓದುಗರ ಕೆಲಸವನ್ನು ನೀವೇ ಮಾಡಿಬಿಟ್ಟಿರಿ. ಅವರಿಗೆ ಅನಿಸಲು ಏನೂ ಉಳಿಯಲಿಲ್ಲ.

ಕನ್ನಡದಲ್ಲಿ ಇದನ್ನು ಕಲಿಯಲು ಕವಿ ಸಿದ್ದಲಿಂಗಯ್ಯನವರ ಆತ್ಮಕತೆ ‘ಊರು ಕೇರಿ’ಯ ಮೊದಲ ಪುಟಗಳನ್ನು ಓದಿ. ಇಬ್ಬರು ಮನುಷ್ಯರ ಹೆಗಲ ಮೇಲೆ ನೊಗ. ಹಿಂದೆ ಇನ್ನೊಬ್ಬ ಉಳುತ್ತಿದ್ದಾನೆ. ಒಬ್ಬ ಹುಡುಗ ನೋಡುತ್ತಾ ನಿಂತಿದ್ದಾನೆ. ನೊಗ ಹೊತ್ತವರಲ್ಲಿ ಒಬ್ಬರು ಅವನ ಅಪ್ಪ. ಅಲ್ಲಿ ಭಾಷಣ ಇಲ್ಲ, ಶಾಪ ಇಲ್ಲ. ಹುಡುಗ ಕಂಡದ್ದು ಇದೆ. ಅದನ್ನು ಓದಿದ ಮೇಲೆ ಜೀತದ ಬಗ್ಗೆ ಮೊದಲಿನ ಹಾಗೆ ಮಾತಾಡಲು ಆಗುವುದಿಲ್ಲ.

ಸಿಟ್ಟು ಇರಬಾರದು ಎಂದು ನಾನು ಹೇಳುತ್ತಿಲ್ಲ. ಸಿಟ್ಟು ಇರಲಿ, ಅದರಿಂದಲೇ ಬರೆಯಿರಿ. ಆದರೆ ಅದು ಯಾವುದನ್ನು ತೋರಿಸಬೇಕು ಎಂಬ ಆಯ್ಕೆಯಲ್ಲಿ ಕಾಣಲಿ, ವಿಶೇಷಣಗಳಲ್ಲಿ ಬೇಡ. ಎದುರಾಳಿಯನ್ನು ರಾಕ್ಷಸನನ್ನಾಗಿ ಮಾಡಲೂ ಹೋಗಬೇಡಿ. ಮಸೂರಿನ ಸ್ಟೇಷನ್ ಮಾಸ್ಟರ್ ಕೆಟ್ಟ ಮನುಷ್ಯ ಅಲ್ಲ. ಗಾಡಿ ಗೊತ್ತು ಮಾಡಲು ಕೊನೆಗೆ ನೆರವಾದವರೂ ಅವರೇ. ಅದರಿಂದಲೇ ಆ ಪ್ರಸಂಗಕ್ಕೆ ಅಷ್ಟು ಬಲ. ಸಾಮಾನ್ಯ ಜನ ಹೀಗೆ ನಡೆದುಕೊಳ್ಳುತ್ತಾರೆ ಎಂದಾಗ ಓದುಗರು ತಮ್ಮನ್ನೂ ಅಲ್ಲಿ ಕಾಣುತ್ತಾರೆ.

ಹೆಜ್ಜೆ 6: ಎಲ್ಲಿ ಇಡಬೇಕು?

ಪ್ರಸಂಗದಿಂದಲೇ ಶುರು ಮಾಡಬೇಕು ಎಂಬ ನಿಯಮ ಏನೂ ಇಲ್ಲ. ಆಕ್ಷೇಪ ಎಲ್ಲಿ ಏಳುತ್ತದೋ ಅಲ್ಲಿ ಇಡಿ.

1963ರ ಏಪ್ರಿಲ್‌ನಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಅಮೆರಿಕದ ಕಪ್ಪು ಜನರ ಸಮಾನ ಹಕ್ಕಿಗಾಗಿ ಪ್ರತಿಭಟಿಸಿ ಅಲಬಾಮಾದ ಬರ್ಮಿಂಗ್‌ಹ್ಯಾಮ್ ಜೈಲಿನಲ್ಲಿದ್ದರು. ಎಂಟು ಮಂದಿ ಬಿಳಿಯ ಧರ್ಮಗುರುಗಳು ಹೇಳಿಕೆ ಕೊಟ್ಟಿದ್ದರು. ಈ ಪ್ರತಿಭಟನೆ ವಿವೇಕದ್ದಲ್ಲ, ಇದಕ್ಕೆ ಇದು ಸಮಯ ಅಲ್ಲ ಎಂದು. ಅಂದರೆ ಅವರ ‘ಆದರೆ’ ಇಷ್ಟು: ಸ್ವಲ್ಪ ತಾಳಿ. ಕಿಂಗ್ ಅವರಿಗೆ ಬರೆದ ಉತ್ತರ ಉದ್ದದ್ದು. ಧರ್ಮ, ಕಾನೂನು, ಇತಿಹಾಸ ಎಲ್ಲವೂ ಇವೆ. ಮನೆಯ ಮಾತು ಬರುವುದು ‘ತಾಳಿ’ ಎಂಬ ಮಾತಿಗೆ ಉತ್ತರ ಕೊಡುವ ಕಡೆ. ಟಿವಿಯಲ್ಲಿ ಫನ್‌ಟೌನ್ ಎಂಬ ಅಮ್ಯೂಸ್‌ಮೆಂಟ್ ಪಾರ್ಕಿನ ಜಾಹೀರಾತು ನೋಡಿದ ಆರು ವರ್ಷದ ಮಗಳಿಗೆ, ಕಪ್ಪು ಮಕ್ಕಳಿಗೆ ಅಲ್ಲಿ ಪ್ರವೇಶ ಇಲ್ಲ ಎಂದು ಹೇಳಬೇಕು. ಅಪ್ಪನ ನಾಲಿಗೆ ತಡವರಿಸುತ್ತದೆ. ಮಗುವಿನ ಕಣ್ಣು ತುಂಬುತ್ತದೆ.

ಎರಡು ವಿಷಯ ಗಮನಿಸಿ. ಹತ್ಯೆ, ಹಲ್ಲೆಗಳೂ ಅದೇ ಉದ್ದನೆಯ ವಾಕ್ಯದಲ್ಲಿವೆ. ಅವುಗಳ ನಡುವೆ ಒಂದು ಮಗುವಿನ ಪುಟ್ಟ ಆಸೆಯನ್ನು ಇಟ್ಟರು. ದೊಡ್ಡವರು ತಾಳಬಹುದು, ಆರು ವರ್ಷದ ಮಗುವಿಗೆ ‘ತಾಳು’ ಎಂದು ಏನಂತ ಹೇಳುವುದು? ಇನ್ನೊಂದು, ಅವರು ‘ನಾನು’ ಎನ್ನದೆ ‘ನೀವು’ ಎಂದು ಬರೆದರು. ನಿಮ್ಮ ಮಗಳಿಗೆ ನೀವೇ ಹೇಳಬೇಕಾಗಿ ಬಂದಾಗ ಎಂಬ ಧಾಟಿ. ಓದುವವರು ಆ ಅಪ್ಪನ ಜಾಗದಲ್ಲಿ ನಿಲ್ಲಲೇಬೇಕು. ಇದು ಹರಿತವಾದ ತಂತ್ರ. ಒಂದೇ ಕಡೆ ಬಳಸಿ. ಪತ್ರದ ತುಂಬ ‘ನೀವು ಹೀಗೆ ಯೋಚಿಸಿ ನೋಡಿ’ ಎಂದರೆ ಓದುಗರಿಗೆ ಕಿರಿಕಿರಿ.

ಭಾಷಣವಾದರೆ ಇನ್ನೊಂದು ಮಾತು. “ನಾನೊಂದು ಘಟನೆ ಹೇಳ್ತೀನಿ, ಕೇಳಿ” ಎಂಬ ಪೀಠಿಕೆ ಬಿಡಿ. ನೇರ ಜಾಗಕ್ಕೆ ಹೋಗಿ.

ಹೆಜ್ಜೆ 7: ನಿಮ್ಮೊಬ್ಬರ ಮಾತು ಎಲ್ಲರ ಮಾತು ಹೇಗಾಯಿತು ಎಂದು ತೋರಿಸಿ

ಇಲ್ಲಿ ಹೆಚ್ಚಿನವರು ಎಡವುತ್ತಾರೆ. ಪ್ರಸಂಗ ಚೆನ್ನಾಗಿರುತ್ತದೆ, ಅಲ್ಲಿಂದ ನೇರ “ಆದ್ದರಿಂದ ಸರ್ಕಾರ ಕೂಡಲೇ...” ಎಂದು ಹಾರುತ್ತಾರೆ. “ನಿಮಗೊಬ್ಬರಿಗೆ ಹಾಗಾಯಿತು, ಎಲ್ಲರಿಗೂ ಹಾಗೇ ಆಗುತ್ತೆ ಅಂತ ಏನು ಗ್ಯಾರಂಟಿ?” ಎಂದು ಓದುಗರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ.

ಅಂಬೇಡ್ಕರ್ ಇದಕ್ಕೆ ಎರಡು ರೀತಿ ಉತ್ತರ ಕೊಟ್ಟರು. ಮಸೂರಿನ ಪ್ರಸಂಗ ಮುಗಿದ ಕೂಡಲೇ ಶಾಲೆಗೆ ಹೋಗುತ್ತಾರೆ. ಕೂರಲು ಮನೆಯಿಂದ ಗೋಣಿತಟ್ಟು ತರಬೇಕು. ಬಾಯಾರಿದರೆ ನಲ್ಲಿ ಮುಟ್ಟುವಂತಿಲ್ಲ, ಜವಾನ ಬಂದು ತಿರುಗಿಸಬೇಕು. ಜವಾನ ಇಲ್ಲದಿದ್ದರೆ ನೀರಿಲ್ಲ. ಒಂದು ರಾತ್ರಿಯ ಘಟನೆ ಹೀಗೆ ದಿನನಿತ್ಯದ ನಿಯಮವಾಗಿ ಕಾಣುತ್ತದೆ. ಆಮೇಲೆ ಬರಹದ ಕೊನೆಯ ಭಾಗದಲ್ಲಿ ಅವರು ತಮ್ಮ ಅನುಭವ ಬಿಟ್ಟು ಬೇರೆಯವರದ್ದನ್ನು ಕೊಡುತ್ತಾರೆ. ಕಾಠಿಯಾವಾಡದ ಶಿಕ್ಷಕರೊಬ್ಬರ ಪತ್ರ. ಅವರ ಹೆಂಡತಿಗೆ ಹೆರಿಗೆಯ ನಂತರ ಜ್ವರ. ಡಾಕ್ಟರ್ ಬಂದರೂ ಮುಟ್ಟಿ ನೋಡಲಿಲ್ಲ. ಆಕೆ ಉಳಿಯಲಿಲ್ಲ. ಅದು 1929ರ ಡಿಸೆಂಬರ್‌ನಲ್ಲಿ ಗಾಂಧೀಜಿಯ ‘ಯಂಗ್ ಇಂಡಿಯಾ’ ಪತ್ರಿಕೆಯಲ್ಲಿ ಅಚ್ಚಾಗಿತ್ತು. ಅಂದರೆ ಬೇರೆಯವರೂ ತೆರೆದು ನೋಡಬಹುದಾದ ದಾಖಲೆ. ‘ನನಗೆ’ ಎಂದು ಶುರುವಾದದ್ದು ‘ಇವರಿಗೂ, ಅವರಿಗೂ’ ಎಂದು ಬೆಳೆಯಿತು.

ಅಂಕಿಅಂಶ ಯಾವಾಗ? ಇದರ ಬಗ್ಗೆ ಒಂದು ಪ್ರಯೋಗ ಇದೆ. ಡೆಬೊರಾ ಸ್ಮಾಲ್, ಜಾರ್ಜ್ ಲೊವೆನ್‌ಸ್ಟೈನ್, ಪಾಲ್ ಸ್ಲೊವಿಕ್ ಎಂಬ ಸಂಶೋಧಕರು 2007ರಲ್ಲಿ ಪ್ರಕಟಿಸಿದ್ದು. ಭಾಗವಹಿಸಿದವರಿಗೆ 5 ಡಾಲರ್ ಕೊಟ್ಟು, ಅದರಲ್ಲಿ ಇಷ್ಟವಿದ್ದಷ್ಟನ್ನು ಆಫ್ರಿಕಾದ ಹಸಿವಿನ ಪರಿಹಾರಕ್ಕೆ ಕೊಡಬಹುದು ಎಂದರು. ಕೆಲವರಿಗೆ ಮಾಲಿ ದೇಶದ ರೋಕಿಯಾ ಎಂಬ ಏಳು ವರ್ಷದ ಹುಡುಗಿಯ ಬಗ್ಗೆ ಮಾತ್ರ ಹೇಳಿದರು. ಅವರು ಸರಾಸರಿ 2.38 ಡಾಲರ್ ಕೊಟ್ಟರು. ಅಂಕಿಅಂಶ ಮಾತ್ರ ನೋಡಿದವರು 1.14 ಡಾಲರ್. ಹುಡುಗಿಯ ವಿವರದ ಜೊತೆಗೇ ಅಂಕಿಅಂಶವನ್ನೂ ನೋಡಿದವರು 1.43 ಡಾಲರ್. ಎರಡನ್ನೂ ಬೆರೆಸಿದಾಗ ಅಂಕಿ ಆ ಹುಡುಗಿಯನ್ನು ಹಿಂದಕ್ಕೆ ತಳ್ಳಿತು.

ಇದರಿಂದ ಅಂಕಿಅಂಶ ಬಿಟ್ಟುಬಿಡಿ ಎಂದು ಅರ್ಥ ಮಾಡಿಕೊಳ್ಳಬೇಡಿ. ದಾನ ಕೇಳುವುದು ಬೇರೆ, ನಿಯಮ ಬದಲಿಸಿ ಎಂದು ಕೇಳುವುದು ಬೇರೆ. ಡಿಪೊ ಮ್ಯಾನೇಜರ್ ಮೇಲಿನವರಿಗೆ ಲೆಕ್ಕ ತೋರಿಸಬೇಕು, ಅವರಿಗೆ ಅಂಕಿ ಬೇಕೇ ಬೇಕು. ನನ್ನ ಸಲಹೆ ಇಷ್ಟು. ಪ್ರಸಂಗ ನಡೆಯುತ್ತಿರುವಾಗ ನಡುವೆ ಅಂಕಿ ತೂರಿಸಬೇಡಿ. ಅದು ಮುಗಿಯಲಿ. ಆಮೇಲೆ ಬೇರೆ ಪ್ಯಾರಾದಲ್ಲಿ ಕಡಿಮೆ ಅಂಕಿ, ಪರೀಕ್ಷಿಸಬಹುದಾದ ಅಂಕಿ ಕೊಡಿ.

ಹೆಜ್ಜೆ 8: ಸತ್ಯಕ್ಕೆ ಅಂಟಿಕೊಳ್ಳಿ, ಚಿಕ್ಕ ವಿಷಯದಲ್ಲೂ

1990ರ ಅಕ್ಟೋಬರ್ 10ರಂದು ನಯಿರಾ ಎಂಬ 15 ವರ್ಷದ ಹುಡುಗಿ ಅಮೆರಿಕದ ಸಂಸದರ ಮಾನವ ಹಕ್ಕುಗಳ ಗುಂಪಿನ ಮುಂದೆ ಅಳುತ್ತಾ ಹೇಳಿಕೆ ಕೊಟ್ಟಳು. ಕುವೈತನ್ನು ವಶ ಮಾಡಿಕೊಂಡಿದ್ದ ಇರಾಕಿ ಸೈನಿಕರು ಅಲ್ಲಿನ ಆಸ್ಪತ್ರೆಯಲ್ಲಿ ಇನ್‌ಕ್ಯುಬೇಟರುಗಳಿಂದ ಕೂಸುಗಳನ್ನು ತೆಗೆದು ತಣ್ಣನೆಯ ನೆಲದ ಮೇಲೆ ಸಾಯಲು ಬಿಟ್ಟದ್ದನ್ನು ನೋಡಿದೆ ಎಂದು. ಅಮೆರಿಕದ ಅಧ್ಯಕ್ಷರು ಆ ಕೂಸುಗಳ ಮಾತನ್ನು ಮತ್ತೆ ಮತ್ತೆ ಎತ್ತಿದರು. ಇರಾಕಿನ ಮೇಲೆ ಯುದ್ಧ ನಡೆಯಿತು. 1992ರಲ್ಲಿ ಹೊರಬಂದದ್ದು ಏನೆಂದರೆ, ಆಕೆ ಅಮೆರಿಕದಲ್ಲಿದ್ದ ಕುವೈತ್ ರಾಯಭಾರಿಯ ಮಗಳು, ಮತ್ತು ಆ ಹೇಳಿಕೆಯ ಹಿಂದೆ ಒಂದು ಪ್ರಚಾರ ಸಂಸ್ಥೆ ಇತ್ತು. ಆಕೆ ಹೇಳಿದಂಥ ಘಟನೆಗೆ ಆಮೇಲಿನ ತನಿಖೆಗಳಲ್ಲಿ ಆಧಾರ ಸಿಗಲಿಲ್ಲ. ಕುವೈತಿನಲ್ಲಿ ಜನ ನಿಜವಾಗಿ ಅನುಭವಿಸಿದ ಹಿಂಸೆಯ ಮೇಲೂ ಇದರಿಂದ ಅನುಮಾನದ ನೆರಳು ಬಿತ್ತು. ಸುಳ್ಳು ಪ್ರಸಂಗ ಮಾಡುವ ದೊಡ್ಡ ಕೇಡು ಇದು, ನಿಜ ಹೇಳುವವರ ಬಾಯಿಯನ್ನೂ ಮುಚ್ಚಿಸುತ್ತದೆ.

ನಮ್ಮ ಬರಹದಲ್ಲಿ ಅಷ್ಟು ದೊಡ್ಡ ಸುಳ್ಳು ಇರುವುದಿಲ್ಲ. ಆದರೆ ಚಿಕ್ಕ ಉಪ್ಪುಖಾರ ಸೇರಿಸುವ ಆಸೆ ಎಲ್ಲರಿಗೂ ಆಗುತ್ತದೆ. ಮೂರು ಕಿಲೋಮೀಟರು ಐದಾಗುತ್ತದೆ, ತುಂತುರು ಜಡಿಮಳೆ ಆಗುತ್ತದೆ. ಕೆಲವು ಕಡ್ಡಾಯ ನಿಯಮ ಇಟ್ಟುಕೊಳ್ಳಿ. ಆಡಿದ ಮಾತು ಪೂರ್ತಿ ನೆನಪಿಲ್ಲದಿದ್ದರೆ ಉದ್ಧರಣ ಚಿಹ್ನೆ ಹಾಕಬೇಡಿ, ಸಾರಾಂಶ ಹೇಳಿ. ಇಬ್ಬರ ಅನುಭವವನ್ನು ಒಬ್ಬರದ್ದಾಗಿ ಮಾಡಬೇಡಿ. ದಿನಾಂಕ, ದೂರ, ದುಡ್ಡು ಇವುಗಳನ್ನು ಚೀಟಿ, ಪಾಸ್, ಹಳೇ ಮೆಸೇಜ್ ನೋಡಿ ಖಚಿತ ಮಾಡಿಕೊಳ್ಳಿ. ಒಂದು ತಪ್ಪು ಸಿಕ್ಕಿದರೂ ಒಪ್ಪದವರು ಅದನ್ನೇ ಹಿಡಿದು ಉಳಿದದ್ದನ್ನೆಲ್ಲ ತಳ್ಳಿಹಾಕುತ್ತಾರೆ.

ಇನ್ನೊಂದು ಮುಖ್ಯ ವಿಷಯ. ನಿಮ್ಮ ಅನುಭವದಲ್ಲಿ ಬೇರೆಯವರೂ ಇರುತ್ತಾರೆ. ತಂಗಿ ಕತ್ತಲಲ್ಲಿ ಒಬ್ಬಳೇ ನಡೆದು ಬರುತ್ತಾಳೆ ಎಂದು ಹೆಸರು, ರಸ್ತೆ ಸಮೇತ ಪತ್ರಿಕೆಯಲ್ಲಿ ಬರೆದರೆ ಅವಳಿಗೆ ತೊಂದರೆ. ಮೊದಲು ಅವಳನ್ನು ಕೇಳಿ. ಒಪ್ಪಿದರೂ ಗುರುತು ಸಿಗುವ ವಿವರ ತೆಗೆಯಿರಿ. ಒಪ್ಪದಿದ್ದರೆ ಆ ಪ್ರಸಂಗ ಬಿಡಿ.

ಯಾವಾಗ ಅನುಭವ ಹೇಳಬಾರದು?

ಔಷಧ, ಕಾಯಿಲೆಯ ವಿಷಯದಲ್ಲಿ ಬಹಳ ಜೋಪಾನ. “ನನಗೆ ಈ ಕಷಾಯದಿಂದ ಸಕ್ಕರೆ ಕಾಯಿಲೆ ಹೋಯಿತು” ಎಂಬ ಒಂದು ಪ್ರಸಂಗ ವಾಟ್ಸಾಪಿನಲ್ಲಿ ಓಡಾಡಿ ಯಾರೋ ಇನ್ಸುಲಿನ್ ನಿಲ್ಲಿಸಿದರೆ ಪ್ರಾಣಕ್ಕೇ ಅಪಾಯ. ಒಬ್ಬರಿಗೆ ವಾಸಿಯಾಯಿತು ಎಂಬುದರಿಂದ ಅದು ಔಷಧದಿಂದಲೇ ವಾಸಿಯಾಯಿತು ಎಂದು ತಿಳಿಯುವುದಿಲ್ಲ. ಆದರೆ ಆಸ್ಪತ್ರೆಯಲ್ಲಿ ಎಷ್ಟು ಹೊತ್ತು ಕಾಯಬೇಕಾಯಿತು, ಯಾವ ಮಾತು ಅರ್ಥವಾಗಲಿಲ್ಲ ಎಂದು ಹೇಳಲು ನಿಮ್ಮ ಅನುಭವವೇ ಸಾಕ್ಷಿ. ಹೀಗಿದೆ, ಹೀಗೂ ಆಗುತ್ತದೆ ಎಂದು ತೋರಿಸಲು ಅನುಭವ ಸಾಕು. ಎಷ್ಟು ಜನರಿಗೆ ಹೀಗಾಗುತ್ತದೆ, ಯಾವುದರಿಂದ ಹೀಗಾಯಿತು ಎಂದು ಹೇಳಲು ಸಾಲದು.

ಎಲ್ಲ ಸೇರಿಸಿ ಪತ್ರ ಬರೆಯೋಣ

ನಮ್ಮ ಬಸ್ಸಿನ ಪತ್ರ ಹೀಗೆ ಬರಬಹುದು:

“ಮಾನ್ಯರೇ, ಜೂನ್‌ವರೆಗೆ ನಾನು ದಿನಾ ಬೆಳಿಗ್ಗೆ ಏಳೂಕಾಲರ ಬಸ್ಸಿಗೆ ಪೇಟೆಗೆ ಹೋಗುತ್ತಿದ್ದೆ. ತಿಂಗಳ ಪಾಸ್ ಇತ್ತು. ಅಂಗಡಿ ಕೆಲಸ ಮುಗಿಸಿ ರಾತ್ರಿ ಎಂಟೂವರೆ ಬಸ್ಸಿಗೆ ವಾಪಸ್ ಬರುತ್ತಿದ್ದೆ. ಜುಲೈ ಮೊದಲ ಸೋಮವಾರ ಎಂಟೂವರೆ ದಾಟಿದರೂ ಬಸ್ಸು ಬರಲಿಲ್ಲ. ಟ್ರಿಪ್ ರದ್ದಾಗಿದೆ ಎಂದು ಕಂಟ್ರೋಲರ್ ಹೇಳಿದರು. ಅವತ್ತು ಹಾಲಿನ ಗಾಡಿಗೆ ಕೈ ಅಡ್ಡ ಹಾಕಿ ಊರು ಸೇರಿದೆ. ಆಗಸ್ಟ್‌ನಲ್ಲಿ ಪಾಸ್ ಮಾಡಿಸಲಿಲ್ಲ, ಕಂತಿನ ಮೇಲೆ ಸ್ಕೂಟರ್ ತಗೊಂಡೆ. ಈಗ ಬೆಳಗಿನ ಬಸ್ಸಿಗೂ ನಾನು ಹತ್ತುವುದಿಲ್ಲ.

“ನಮ್ಮ ಬೀದಿಯಲ್ಲೇ ಹೀಗೆ ಪಾಸ್ ಬಿಟ್ಟವರು ಇನ್ನೂ ಆರು ಜನ ಇದ್ದಾರೆ. ಅವರ ಒಪ್ಪಿಗೆ ಪಡೆದು ಹಳೇ ಪಾಸ್ ನಂಬರ್‌ಗಳನ್ನು ಜೊತೆಗಿಟ್ಟಿದ್ದೇನೆ. ಬೆಳಗಿನ ಟ್ರಿಪ್ಪಿನ ಜೂನ್ ಮತ್ತು ಸೆಪ್ಟೆಂಬರ್ ಕಲೆಕ್ಷನ್ ಹೋಲಿಸಿ ನೋಡಬೇಕೆಂದು ಕೇಳಿಕೊಳ್ಳುತ್ತೇನೆ. ಎರಡು ತಿಂಗಳ ಮಟ್ಟಿಗೆ ಎಂಟೂವರೆ ಟ್ರಿಪ್ ಮತ್ತೆ ಓಡಿಸಿ, ಎರಡೂ ಟ್ರಿಪ್ಪಿನ ಲೆಕ್ಕ ಸೇರಿಸಿ ತೀರ್ಮಾನ ಮಾಡಿ.”

ಇದರಲ್ಲಿ ‘ಕಷ್ಟ’ ಎಂಬ ಪದ ಒಂದು ಕಡೆಯೂ ಇಲ್ಲ. ಹಾಲಿನ ಗಾಡಿ ಇದೆ, ಅದು ಆ ರಾತ್ರಿಯನ್ನು ಹೇಳುತ್ತದೆ. ಕೇಳಿಕೆ ಚಿಕ್ಕದು, ಅಳೆಯಲು ಬರುವಂಥದ್ದು, ಮ್ಯಾನೇಜರ್ ಕೈಯಲ್ಲೇ ಇರುವಂಥದ್ದು. ಒಳ್ಳೆಯ ಪ್ರಸಂಗದ ಕೊನೆಗೆ “ಎಲ್ಲರೂ ಯೋಚಿಸಬೇಕು” ಎಂದು ಬರೆದು ಬಿಟ್ಟರೆ ಓದಿ ಮನ ಕರಗಿದವರಿಗೂ ಮುಂದೆ ಏನು ಮಾಡಬೇಕು ಎಂದು ತಿಳಿಯುವುದಿಲ್ಲ.

ಹೆಜ್ಜೆ 9: ಒಪ್ಪದ ಒಬ್ಬರಿಗೆ ಓದಲು ಕೊಡಿ

ಮನೆಯವರು, ಗೆಳೆಯರು “ಸೂಪರ್” ಅನ್ನುತ್ತಾರೆ. ಅದರಿಂದ ಉಪಯೋಗ ಇಲ್ಲ. ನಿಮ್ಮ ಮಾತು ಒಪ್ಪದ ಒಬ್ಬರನ್ನು ಹುಡುಕಿ. ಬಸ್ಸಿನ ವಿಷಯವಾದರೆ “ಬಸ್ ಯಾಕೆ ಬೇಕು” ಎನ್ನುವ ಬೈಕ್ ಇರುವ ನೆರೆಯವರೇ ಸಾಕು. ಚೆನ್ನಾಗಿದೆಯಾ ಎಂದು ಕೇಳಬೇಡಿ. ಎರಡೇ ಪ್ರಶ್ನೆ ಕೇಳಿ: ಎಲ್ಲಿ ನಿಮಗೆ ನಂಬಿಕೆ ಬರಲಿಲ್ಲ? ಓದಿ ಮುಗಿಸಿದಾಗ ಬಾಯಿಗೆ ಬಂದ ಮೊದಲ ‘ಆದರೆ’ ಯಾವುದು? ಅವರು ಹೇಳುವಾಗ ನಡುವೆ ಸಮರ್ಥನೆ ಕೊಡಲು ಹೋಗಬೇಡಿ, ಬರೆದುಕೊಳ್ಳಿ. ಮೊದಲ ಪ್ರಶ್ನೆಯ ಉತ್ತರ ಸಿಕ್ಕ ಕಡೆ ವಿವರ ಸರಿಪಡಿಸಿ. ಎರಡನೆಯದಕ್ಕೆ ನಿಮ್ಮ ಪ್ರಸಂಗದಲ್ಲಿ ಉತ್ತರ ಇದೆಯಾ ನೋಡಿ. ಇಲ್ಲದಿದ್ದರೆ ವಾಕ್ಯಗಳನ್ನು ತಿದ್ದುತ್ತಾ ಕೂರಬೇಡಿ, ಬೇರೆ ಪ್ರಸಂಗ ಆರಿಸಿ.